ಎಡಗಡೆಯ ಕಿಟಕಿಯೇ ಬೇಕು!

"ತೂಕದ ಯಂತ್ರದ ಮೇಲೆ ನಿಂತ್ಕೊಳ್ಳಿ."

'ನಿಂತ್ಕೊಳ್ಳಿ'ಯಂತೆ! ಎರಡು ವರ್ಷ "ಲೇ ತೆಪಾಯೆರು" ಎಂದು ಕರೆದ ಬಾಯಲ್ಲಿ ಈಗ ಬಹುವಚನ! ತೆಪಾಯೆರುವಿಗೆ ಮೈಯೆಲ್ಲ ಉರಿಯಿತು.

ಪೆಸಿಫಿಕ್ ಸಾಗರದ ಐತುತಾಕಿ ದ್ವೀಪದ ಪುಟ್ಟ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನೂ ತೂಗಿ ಸೀಟು ಕೊಡುವವನು ಮೆತುವಾ. ನಾಲ್ಕು ತಿಂಗಳ ಹಿಂದೆ ಆಕ್ಲೆಂಡಿನಿಂದ ನರ್ಸಿಂಗ್ ತರಬೇತಿಯ ಪತ್ರ ಬಂದಾಗ, ಅವಳು ಬರಿಗಾಲಲ್ಲೇ ಓಡಿಹೋಗಿ ಮೊದಲು ತೋರಿಸಿದ್ದು ಅವನಿಗೆ.

"ಒಳ್ಳೇದಾಯ್ತು, ಹೋಗು" ಎಂದಿದ್ದ. ಆಮೇಲೆ ಅವಳ ಮನೆಯ ದಾರಿಯನ್ನೇ ಮರೆತುಬಿಟ್ಟಿದ್ದ.

'ಅಷ್ಟೇನಾ ನಾನು ಇವನಿಗೆ...?'

"ಎಡಗಡೆ ಕಿಟಕಿ ಕೊಡು," ಎಂದಳು ಬಿಗಿಯಾಗಿ.

"ಬಲಗಡೆ ನಾಲ್ಕನೇದು."

"ಎಡಗಡೆ ಖಾಲಿ ಇದೆಯಲ್ಲ!"

ಅವನು ತಲೆಯೆತ್ತಲಿಲ್ಲ. ಚೀಟಿ ಅವಳತ್ತ ತಳ್ಳಿದ.

ಆಕ್ಲೆಂಡಿನ ವಿಮಾನ ಹತ್ತಬೇಕಾದ ರರೊಟೊಂಗಾ ದ್ವೀಪಕ್ಕೆ ಹೋಗುವಾಗ ಲಗೂನ್, ಅಂದರೆ ಊರನ್ನು ಸುತ್ತಿದ ಹವಳದ ದಂಡೆಯೊಳಗಿನ ತಿಳಿನೀರು, ಕಾಣುವುದು ಎಡಗಡೆ. ಬಲಗಡೆ ಬರೀ ಕಡಲು. ಇದುವರೆಗೂ ಹಡಗಿನಲ್ಲೇ ಓಡಾಡಿದ್ದ ಅವಳು ತನ್ನೂರನ್ನು ಆಕಾಶದಿಂದ ಒಮ್ಮೆಯೂ ನೋಡಿರಲಿಲ್ಲ. ಅದು ಮೆತುವಾನಿಗೂ ಗೊತ್ತು! ಗೊತ್ತಿದ್ದೂ...

ವಿಮಾನ ಹತ್ತಿ ಕೂತಳು. ಎರಡೇ ನಿಮಿಷ. ಸರ್ರನೆ ಎದ್ದು, ಮೆಟ್ಟಿಲಿಳಿದು, ಕೊರಳಿನ ಚಿಪ್ಪಿನ ಮಾಲೆ ಸದ್ದು ಮಾಡುವಂತೆ ಓಡಿಬಂದು ಅವನೆದುರು ನಿಂತಳು.

"ಯಾಕೋ ಹೀಗೆ ಮಾಡ್ದೆ?!"

"ಲಗೂನ್ ನೋಡಿದ್ರೆ ನೀನು ಅಳ್ತೀಯ, ತೆಪಾಯೆರು. ಅತ್ಕೊಂಡು ಹೋಗೋದು ಬೇಡ ಅಂತ..."

"ನಾನು ಅತ್ರೆ ನಿನಗೇನು?"

ಮೆತುವಾ ಕೈಯಲ್ಲಿದ್ದ ಚೀಟಿಗಳನ್ನು ಕೆಳಗಿಟ್ಟ. "ಎದುರಿಗೆ ಬಂದಿದ್ರೆ 'ಹೋಗ್ಬೇಡ' ಅಂದುಬಿಡ್ತಿದ್ದೆ. ನೀನು ಉಳಿದುಬಿಡ್ತಿದ್ದೆ. ಅದಕ್ಕೇ ಮುಖ ತೋರಿಸ್ಲಿಲ್ಲ."

"ದಡ್ಡ! 'ಹೋಗ್ಬೇಡ' ಅನ್ನು ಅಂತ ಯಾರು ಕೇಳಿದ್ರು? 'ಕಾಯ್ತೀನಿ' ಅನ್ನೋಕೆ ಏನಾಗಿತ್ತು ನಿನಗೆ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಈ ಮಾತು ಅವನಿಗೆ ಹೊಳೆದೇ ಇರಲಿಲ್ಲ!

"ಮೆತುವಾ!" ಪೈಲಟ್ ಹೆಂಗಸು ರೆಕ್ಕೆಯ ಕೆಳಗಿನಿಂದ ಕೂಗಿದಳು. "ಅವಳನ್ನ ಕಳಿಸ್ತೀಯೋ, ನೀನೂ ಬರ್ತೀಯೋ? ಹೊತ್ತಾಯ್ತು!"

"ನಾನೂ ಬರ್ತೀನಿ!"

ಉಳಿದ ಕೆಲಸವನ್ನು ಜೊತೆಗಾರನಿಗೆ ಒಪ್ಪಿಸಿ, ತಾನೇ ತೂಕದ ಯಂತ್ರ ಹತ್ತಿ, ತನ್ನ ತೂಕ ತಾನೇ ಬರೆದುಕೊಂಡು ಓಡಿದ. ಅವಳನ್ನು ಎಡಗಡೆ ಕೂರಿಸಿ, ನಡುವಿನ ದಾರಿಯಾಚೆ ಬಲಗಡೆಯ ಸೀಟಿನಲ್ಲಿ ತಾನು ಕೂತ.

ವಿಮಾನ ಮೇಲೇರಿ ವಾಲಿತು. ಅಬ್ಬಾ! ಬಿಳಿ ನೊರೆಯ ಅಂಚಿನೊಳಗೆ ಹಸಿರು, ಅದರೊಳಗೆ ಇನ್ನೂ ತಿಳಿ ಹಸಿರು, ನಡುನಡುವೆ ಮರಳಿನ ತುಂಡುಗಳು... ಅಪ್ಪ ಮೀನು ಹಿಡಿಯುವ ಜಾಗ ಅಂಗೈಯಷ್ಟು! ತೆಪಾಯೆರು ಅಳುತ್ತಲೇ ನಕ್ಕಳು.

"ರರೊಟೊಂಗಾದಲ್ಲಿರೋ ನಿನ್ನ ಅಣ್ಣನ ಹತ್ರ ನಮ್ಮ ವಿಷಯ ಮಾತಾಡ್ತೀನಿ," ಎಂದ ಅವನು.

"ಅಣ್ಣನ ಮಾತು ಆಮೇಲೆ. ಮೊದಲು ನನ್ನ ಕೇಳು!"

ಅವನೇನೋ ಅಂದ. ಎಂಜಿನ್ ಸದ್ದು ನುಂಗಿತು.

"ಏನು? ಕೇಳಿಸ್ಲಿಲ್ಲ!"

"ನೀನು ಓದು ಮುಗಿಸೋವರೆಗೂ ಕಾಯ್ತೀನಿ! ನನ್ನ ಮದುವೆ ಆಗ್ತೀಯಾ?!"

ಹದಿನೈದು ಸೀಟುಗಳಿಗೂ ಕೇಳಿಸಿತು. ಮುಂದಿನ ಸಾಲಿನ ಅಜ್ಜಿ, "ಬೇಗ ಹೇಳಮ್ಮಾ, ಹುಡುಗ ಬೆವತುಹೋಗಿದ್ದಾನೆ," ಎಂದರು.

ತೆಪಾಯೆರು ಕೈ ಚಾಚಿ ಅವನ ಬೆರಳು ಹಿಡಿದಳು. "ಹೂಂ ಕಣೋ."

"ಏನು? ಕೇಳಿಸ್ಲಿಲ್ಲ..."

"ಸುಳ್ಳ! ಕೇಳಿಸ್ತು ನಿನಗೆ."

"ಕೇಳಿಸ್ತು... ಆದ್ರೂ ಇನ್ನೊಂದ್ಸಲ ಹೇಳು."