ಸೀಟು ಹಿಡಿದ ಚೀಲ

ಮಂಗಳವಾರ ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ತನ್ನದಲ್ಲದ ಚೀಲವೊಂದನ್ನು ಬೆನ್ನಿಗೆ ಹಾಕಿಕೊಂಡಿದ್ದಳು. ಊರೂರು ಸುತ್ತುವವರ ದೊಡ್ಡ ಚೀಲ ಅದು. ನೀಲಿ ಬಣ್ಣ ಮಾಸಿತ್ತು, ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ನೇತಾಡುತ್ತಿತ್ತು, ಕಿತ್ತುಹೋದ ಪಟ್ಟಿಗೆ ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು. ಆ ಹೊಲಿಗೆ ಹಾಕಿದವಳು ಇದೇ ಹೆಂಗಸು. ಮಾರುಕಟ್ಟೆ ಬೀದಿಯಲ್ಲಿ ಅವಳದೊಂದು ಟೈಲರ್ ಅಂಗಡಿಯಿತ್ತು. ಚೀಲ ಅವಳ ತಂಗಿಯದು.

"ಚೀಲ ಬಂತು ಮೇಡಂ. ತಂಗಿ ಬರ್ಲಿಲ್ಲ," ಎಂದಳು.

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಫೈಲನ್ನು ಮುಚ್ಚಿಟ್ಟು ಅವಳಿಗೆ ಕುರ್ಚಿ ತೋರಿಸಿದರು. ಆಕೆ ಈ ಠಾಣೆಗೆ ವರ್ಗವಾಗಿ ಬಂದು ವರ್ಷವಾಗಿತ್ತು. ದೂರು ಬರೆದುಕೊಳ್ಳಲು ಕುಳಿತವರು ಹೆಡ್ ಕಾನ್ಸ್‌ಟೇಬಲ್. ಠಾಣೆಯಲ್ಲಿ ಎಲ್ಲರೂ ಅವರನ್ನು ದಫೇದಾರರು ಎಂದೇ ಕರೆಯುವುದು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಗಾದೆ ಹೇಳದೆ ಒಂದು ಕೇಸನ್ನೂ ಮುಗಿಸಿದ ದಾಖಲೆಯಿರಲಿಲ್ಲ.

"ಎಲ್ಲಿಂದ ಬರ್ತಿದ್ಲು?"

"ಹೊಳೆಯಾಚೆ ಊರಿಂದ. ಬೆಳಿಗ್ಗೆ ಆರೂವರೆ ಬಸ್ಸು."

"ಜೊತೇಲಿ ಯಾರು?"

"ಒಬ್ಬಳೇ. ಹಲ್ಲಿನ ಡಾಕ್ಟರ ಹತ್ರ ಕೆಲಸಕ್ಕಿದಾಳೆ. ರಜ ಹಾಕಿ ಕಾಲಿಗೆ ಚಕ್ರ ಕಟ್ಕೊಂಡು ಹೊರಟಿದ್ಲು. ಲೋಕಲ್ ಬಸ್ಸು, ಪ್ಯಾಸೆಂಜರ್ ರೈಲು, ರಾತ್ರಿ ಯಾವುದಾದ್ರೂ ಅಗ್ಗದ ಡಾರ್ಮಿಟರಿ. ಇವತ್ತು ಮನೆಗೆ ಬರೋ ದಿನ. ನಾನೇ ಬಸ್‌ ಸ್ಟ್ಯಾಂಡಿಗೆ ಹೋಗಿದ್ದೆ. ಎಲ್ಲಾ ಇಳಿದ್ರು. ಕೊನೆಗೆ ಕಂಡಕ್ಟರು ಈ ಚೀಲ ಇಳಿಸಿದ್ರು."

ದಫೇದಾರರು ಪೆನ್ನು ಕೆಳಗಿಟ್ಟರು. "ವಯಸ್ಸಿಗೆ ಬಂದ ಹುಡುಗಿ. ದಾರೀಲಿ ಎಲ್ಲೋ ಇಳಿದಿರ್ತಾಳೆ ಕಣಮ್ಮ. ಸಂಜೆವರೆಗೂ ನೋಡೋಣ."

ಅಕ್ಕ ಚೀಲದ ಬಾಯಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. "ಇದು ಇನ್ಸುಲಿನ್ ಸಾರ್. ಚಿಕ್ಕಂದಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ಬೆಳಗಿನ ಸೂಜಿ ನಮ್ಮನೇಲಿ ತಿಂಡಿಗೆ ಮುಂಚೆ ಚುಚ್ಕೋಬೇಕಿತ್ತು. ಸಂಜೆವರೆಗೂ ನೋಡೋಣ ಅಂದ್ರೆ ಅವಳ ಮೈ ಕೇಳಬೇಕಲ್ಲ."

ಇನ್ಸ್‌ಪೆಕ್ಟರ್ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದರು. ನಿನ್ನೆ ರಾತ್ರಿಯ ಮದ್ದಿನ ಶಕ್ತಿ ಇಷ್ಟು ಹೊತ್ತಿಗೆ ಇಳಿಯುತ್ತಿರುತ್ತದೆ, ಕತ್ತಲಾಗುವ ಮೊದಲು ಸಿಕ್ಕರೆ ಒಳ್ಳೆಯದು, ಆಮೇಲಿನ ಮಾತು ತಾನು ಆಡುವುದಿಲ್ಲ ಎಂದರು ವೈದ್ಯರು. ಹನ್ನೊಂದು ಗಂಟೆಗೆ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಎದುರು ರಸ್ತೆಯ ಜೆರಾಕ್ಸ್ ಅಂಗಡಿಯವನನ್ನೂ ಪಕ್ಕದ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿ, ಚೀಲದ ಪಂಚನಾಮೆ ಮಾಡಿದರು. ಬಟ್ಟೆ, ಹೊದಿಕೆ, ಸೋಪು, ಅಕ್ಕನ ಮಗುವಿಗೆಂದು ತಂದ ಮರದ ಬುಗುರಿ. ಮೊಬೈಲ್ ಇರಲಿಲ್ಲ, ಪರ್ಸೂ ಇರಲಿಲ್ಲ. ಅವಳ ನಂಬರಿಗೆ ಕರೆ ಮಾಡಿದರೆ ಸ್ವಿಚ್ ಆಫ್.

"ಕೊನೆಗೆ ಏನು ಮೆಸೇಜ್ ಬಂದಿತ್ತು?"

ಅಕ್ಕ ತನ್ನ ಫೋನ್ ತೋರಿಸಿದಳು. 'ಅಕ್ಕಾ, ಇಲ್ಲಿ ಜೋಳಿಗೆ ಅಣ್ಣ ಸಿಕ್ಕಿದಾರೆ! ಬಂದ್ಮೇಲೆ ಹೇಳ್ತೀನಿ, ನಗ್ತೀಯ.'

ಜೋಳಿಗೆ ಯಾರೆಂದು ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ. ಮಹಿಳಾ ಕಾನ್ಸ್‌ಟೇಬಲಿಗೆ ಗೊತ್ತಿತ್ತು. ಹೆಗಲಿಗೊಂದು ಬಟ್ಟೆಯ ಜೋಳಿಗೆ ಹಾಕಿಕೊಂಡು ಬರೀ ಲೋಕಲ್ ಬಸ್ಸು, ರೈಲುಗಳಲ್ಲಿ ದೇಶ ಸುತ್ತಿ ವಿಡಿಯೋ ಹಾಕುವವನು. ಅವನನ್ನು ನೋಡಿ ಚೀಲ ಬೆನ್ನಿಗೇರಿಸಿದ ಹುಡುಗ ಹುಡುಗಿಯರು ಸಾವಿರಾರು. ಇವತ್ತಿನ ವಿಡಿಯೋ ಎಂಟಕ್ಕೇ ಬಂದಿತ್ತು: ಹೊರಡುತ್ತಿರುವ ಬಸ್ಸು, ಕಿಟಕಿಯಲ್ಲಿ ನೀಲಿ ಚೀಲ, 'ಸೀಟು ಹಿಡಿದಾಯ್ತು ಗೆಳೆಯರೇ, ಹೊರಟ್ವಿ' ಎಂಬ ಅವನ ದನಿ.

ಫೋನ್ ಮಾಡಿದರೆ ಜೋಳಿಗೆ ಇದೇ ಊರಿನಲ್ಲಿದ್ದ. ಕರೆದ ಅರ್ಧ ಗಂಟೆಯಲ್ಲಿ ಬಂದ. ಗಡ್ಡ, ಧೂಳು ಮೆತ್ತಿದ ಚಪ್ಪಲಿ, ಮೃದು ಮಾತು.

"ಇಬ್ರೂ ಒಟ್ಟಿಗೇ ಬಂದ್ವಿ ಮೇಡಂ. ಅವಳು ಕಿಟಕಿ ಪಕ್ಕ, ನಾನು ಅವಳ ಪಕ್ಕ. ನಾನು ಊರ ಬಾಗಿಲಲ್ಲೇ ಇಳ್ಕೊಂಡೆ. ಅವಳು ಬಸ್‌ ಸ್ಟ್ಯಾಂಡಿಗೆ ಹೋಗ್ತೀನಿ ಅಂದ್ಲು."

ಹೊಳೆಯಾಚೆಯ ಠಾಣೆಯವರಿಗೆ ಇಷ್ಟೇ ಬೇಕಾಗಿತ್ತು. "ನಿಮ್ಮೂರಿಗೆ ಬಂದ ಮೇಲೆ ಕಾಣೆಯಾದ್ರೆ ಅದು ನಿಮ್ಮ ತಲೆನೋವು ಮೇಡಂ," ಎಂದು ಅಲ್ಲಿನ ಸಬ್‌ ಇನ್ಸ್‌ಪೆಕ್ಟರ್ ಫೋನಿಟ್ಟ.

ಹುಡುಕಾಟ ಶುರುವಾಯಿತು. ಬಸ್‌ ನಿಲ್ದಾಣದ ಶೌಚಾಲಯ, ಹಿಂದಿನ ಗಲ್ಲಿ, ಆಸ್ಪತ್ರೆಗಳು, ಲಾಡ್ಜುಗಳು. ಜೋಳಿಗೆ ತಾನೇ ಮುಂದಾಗಿ ಠಾಣೆಯ ಅಂಗಳದಲ್ಲಿ ನಿಂತು ವಿಡಿಯೋ ಮಾಡಿ ಹಾಕಿದ: ನಮ್ಮ ತಂಗಿಯೊಬ್ಬಳು ಈ ಊರಿನಲ್ಲಿ ಕಾಣೆಯಾಗಿದ್ದಾಳೆ, ಹುಡುಕಿಕೊಡಿ. ಕಾಲೇಜಿನ ಹುಡುಗರು ಗುಂಪುಗುಂಪಾಗಿ ಬೀದಿಗಿಳಿದರು. ಅಕ್ಕ ಅವನಿಗೆ ಕೈ ಮುಗಿದಳು. ಅವನು ಕೈ ಮುಗಿಸಿಕೊಂಡ. ಈ ಕೇಸಿನಲ್ಲಿ ಇನ್ಸ್‌ಪೆಕ್ಟರಿಗೆ ಇವತ್ತಿಗೂ ಸಿಟ್ಟು ತರಿಸುವುದು ಆ ಒಂದು ದೃಶ್ಯ.

ಮಧ್ಯಾಹ್ನ ಒಂದು ದಾಟಿತು. ಹುಡುಗಿ ಎಲ್ಲೂ ಇರಲಿಲ್ಲ. ಮೊಬೈಲ್ ಕಂಪನಿಯಿಂದ ಉತ್ತರ ಬಂತು: ಫೋನ್ ಆಫ್ ಆದದ್ದು ಹೊಳೆಯಾಚೆ ಊರಿನಲ್ಲೇ, ಬಸ್ಸು ಹೊರಡುವ ಮೊದಲೇ. ಚಾರ್ಜ್ ಮುಗಿದಿರಬೇಕು ಎಂದ ಜೋಳಿಗೆ. ಇರಬಹುದು ಎಂದರು ದಫೇದಾರರು. ಇನ್ಸ್‌ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡು, ದಫೇದಾರರನ್ನು ಕರೆದುಕೊಂಡು ಡಿಪೋಗೆ ಹೊರಟರು. ಬೆಳಗಿನ ಬಸ್ಸಿನ ಕಂಡಕ್ಟರ್ ಅಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದ.

"ಹುಡುಗಿ ಎಲ್ಲಿ ಕೂತಿದ್ಲು?"

"ಡ್ರೈವರ್ ಹಿಂದಿನ ಮೂರನೇ ಸೀಟು ಮೇಡಂ. ಕಿಟಕಿ ಪಕ್ಕ."

"ನೋಡಿದ್ರಾ?"

"ನೋಡ್ದೆ. ನೀಲಿ ಚೀಲ ಇತ್ತಲ್ಲ."

"ಚೀಲ ನೋಡಿದ್ರಾ, ಹುಡುಗಿ ನೋಡಿದ್ರಾ?"

ಕಂಡಕ್ಟರನ ಕೈಯಲ್ಲಿ ಡಬ್ಬಿ ಹಾಗೇ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು.

ಊರಿಗೆಲ್ಲ ಗೊತ್ತಿರುವ ಪದ್ಧತಿ. ಬಸ್ಸು ಬಂದು ನಿಲ್ಲುವಷ್ಟರಲ್ಲಿ ಕಿಟಕಿಯಿಂದ ಕರವಸ್ತ್ರವನ್ನೋ ಚೀಲವನ್ನೋ ಒಳಗೆ ತೂರಿಸಿದರೆ ಆ ಸೀಟು ಅವರದು. ಕೋರ್ಟಿನ ಆದೇಶ ಮೀರುವವರಿದ್ದಾರೆ, ಸೀಟಿನ ಮೇಲಿನ ಕರವಸ್ತ್ರ ಮೀರುವವರಿಲ್ಲ.

"ಕಾಲಿಡೋಕೆ ಜಾಗ ಇರ್ಲಿಲ್ಲ ಮೇಡಂ," ಕಂಡಕ್ಟರ್ ದನಿ ಇಳಿಯಿತು. "ಹುಡುಗಿ ಹಿಂದೆ ಹತ್ತಿದಾಳೆ, ಜನ ಕಮ್ಮಿಯಾದ್ಮೇಲೆ ಬರ್ತಾಳೆ ಅಂತ ಪಕ್ಕದಲ್ಲಿದ್ದ ಸೊಪ್ಪಿನಜ್ಜಿ ಅಂದ್ರು. ಸರಿ ಅಂದ್ಕೊಂಡೆ."

"ಪಕ್ಕದಲ್ಲಿ ಇದ್ದದ್ದು ಅಜ್ಜಿನಾ? ಗಡ್ಡದವನೊಬ್ಬ ಇರ್ಲಿಲ್ವಾ, ಜೋಳಿಗೆ ಹಾಕ್ಕೊಂಡು?"

"ಇಲ್ಲ ಮೇಡಂ. ಅಜ್ಜಿ ದಿನಾ ಅದೇ ಸೀಟು."

ಸೊಪ್ಪಿನಜ್ಜಿ ಮಾರುಕಟ್ಟೆಯ ಮೂಲೆಯಲ್ಲಿ ಬಾಡತೊಡಗಿದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

"ಆ ಮಗು ಚೀಲ ಹಾಕಿ, ಅಜ್ಜಿ ನೋಡ್ಕೊಳ್ಳಿ, ಬಂದೆ ಅಂತ ಇಳೀತು. ಆಮೇಲೆ ಗಡ್ಡದವನೊಬ್ಬ ಕಿಟಕಿ ಹತ್ರ ಬಂದು, ಅವಳು ಹಿಂದಿನ ಬಾಗಿಲಲ್ಲಿ ಹತ್ತಿದಾಳೆ, ಸೀಟು ಯಾರಿಗೂ ಬಿಡಬೇಡಿ ಅಂದ. ನಾನು ಬಿಡ್ಲಿಲ್ಲ. ಒಬ್ಬ ಪ್ಯಾಂಟಿನವನು ಚೀಲ ಎತ್ತೋಕೆ ಬಂದ, ಬೈದು ಕಳಿಸ್ದೆ."

"ಆ ಗಡ್ಡದವನು ಬಸ್ಸು ಹತ್ತಿದ್ನಾ?"

"ಎಲ್ಲಿ ಹತ್ತಿದ? ಬಸ್ಸು ಹೊರಟ್ರೂ ಕೆಳಗೇ ನಿಂತು ಫೋನ್ ಹಿಡ್ಕೊಂಡು ಏನೋ ಮಾತಾಡ್ತಿದ್ದ." ಅಜ್ಜಿ ಮುಖ ಎತ್ತಿದಳು. "ಯಾಕವ್ವ, ಮಗು ಬರ್ಲಿಲ್ವಾ? ಹಂಗಾದ್ರೆ ನಾನು ದಾರಿಯುದ್ದಕ್ಕೂ ಕಾದಿದ್ದು ಯಾರ ಸೀಟು?"

ಇನ್ಸ್‌ಪೆಕ್ಟರ್ ಉತ್ತರ ಕೊಡಲು ನಿಲ್ಲಲಿಲ್ಲ. ಜೀಪಿನಲ್ಲಿ ದಫೇದಾರರು ಮೆಲ್ಲಗೆ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ಮೇಡಂ," ಎಂದರು. ಆ ದಿನ ಅವರು ಹೇಳಿದ ಗಾದೆ ಅದೊಂದೇ.

ಜೋಳಿಗೆ ಠಾಣೆಯ ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲೇ ಕುಳಿತಿದ್ದ. ಇನ್ಸ್‌ಪೆಕ್ಟರ್ ಅವನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಬಸ್ಸಲ್ಲಿ ನಿಮ್ಮ ಮುಂದಿನ ಸೀಟಲ್ಲಿ ಯಾರಿದ್ರು?"

"ಸರಿಯಾಗಿ ನೆನಪಿಲ್ಲ."

"ಸೊಪ್ಪಿನ ಬುಟ್ಟಿ ಎಲ್ಲಿತ್ತು?"

"ಬುಟ್ಟಿನಾ?"

"ನೀವು ಕೂತಿದ್ದೆ ಅಂತೀರಲ್ಲ, ಆ ಜಾಗದಲ್ಲಿ ಒಬ್ಬ ಅಜ್ಜಿ ಕಾಲ ಮೇಲೆ ಬುಟ್ಟಿ ಇಟ್ಕೊಂಡು ಕೂತಿದ್ರು. ಸೀಟು ಬಿಡಬೇಡಿ ಅಂತ ನೀವೇ ಅವರಿಗೆ ಹೇಳಿದ್ರಂತೆ, ಕೆಳಗೆ ನಿಂತು."

ಅವನು ಲಾಯರನ್ನು ಕರೆಸುತ್ತೇನೆ ಎಂದ. ಕರೆಸಬಹುದು ಎಂದ ಇನ್ಸ್‌ಪೆಕ್ಟರ್, ಒದ್ದೆ ಬಟ್ಟೆಯ ಡಬ್ಬಿಯನ್ನು ತಂದು ಅವನ ಮುಂದಿಟ್ಟರು.

"ಲಾಯರು ಬರೋವರೆಗೆ ಇದನ್ನ ನೋಡ್ತಾ ಕೂತಿರು. ಇದು ಅವಳ ಮದ್ದು. ಇದಿಲ್ಲದಿದ್ರೆ ರಾತ್ರಿ ಹೊತ್ತಿಗೆ ಅವಳು ಹೋಗ್ಬಿಡಬಹುದು. ನೀನು ಬಸ್ಸಲ್ಲಿ ಕಳಿಸಿದ ಚೀಲದಲ್ಲೇ ಇತ್ತು."

"ಯಾವ ಮದ್ದು?" ಎಂದ. ಬೆಳಗಿನಿಂದ ಅವನು ಆಡಿದ ಮೊದಲ ನಿಜವಾದ ಮಾತು ಅದು. ಮದ್ದಿನ ವಿಷಯವನ್ನು ಠಾಣೆಯಲ್ಲಿ ಯಾರೂ ಅವನ ಮುಂದೆ ಎತ್ತಿರಲಿಲ್ಲ. "ಅವಳಿಗೆ ಕಾಯಿಲೆ ಇದೆಯಾ? ನನಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ."

"ಎಲ್ಲಿದಾಳೆ?"

"ಬಸ್‌ ಸ್ಟ್ಯಾಂಡ್ ಹಿಂದೆ. ಹೊಳೆಯಾಚೆ ಊರಲ್ಲೇ, ಹಳೇ ಪಾರ್ಸೆಲ್ ಕೋಣೆ. ಹೊರಗಿಂದ ಚಿಲಕ ಹಾಕಿದೀನಿ."

ಹೊಳೆಯಾಚೆಯ ಠಾಣೆಗೆ ಫೋನ್ ಹೋದಾಗ ಎರಡೂ ಐದು. ಈ ಸಲ ಅಲ್ಲಿನ ಸಬ್‌ ಇನ್ಸ್‌ಪೆಕ್ಟರ್ ಎದುರಾಡಲಿಲ್ಲ. ಫೋನ್ ಇಡದೆಯೇ ಓಡಿದ. ಇತ್ತ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನಿನಿಂದ ಬೈಕಿನ ಸದ್ದು, ಹಾರನ್ನು, ಯಾರೋ ಯಾರನ್ನೋ ದಾರಿ ಬಿಡಿ ಎಂದು ಗದರುವುದು, ಬಸ್ಸುಗಳ ಹೆಸರು ಕೂಗುವ ಧ್ವನಿವರ್ಧಕ. ಆ ಗದ್ದಲದಲ್ಲಿ ಒಬ್ಬಳು ಕಿರುಚಿಕೊಂಡರೆ ಯಾರಿಗೆ ಕೇಳುತ್ತದೆ ಎಂದು ಎಲ್ಲರಿಗೂ ಅರ್ಥವಾಯಿತು. ಅಕ್ಕ ಬಾಗಿಲ ಬಳಿ ನಿಂತು ಮರದ ಬುಗುರಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮಹಿಳಾ ಕಾನ್ಸ್‌ಟೇಬಲ್ ಅವಳ ಭುಜ ಹಿಡಿದುಕೊಂಡಳು. ಚಿಲಕ ಸರಿದ ಸದ್ದು ಕೇಳಿತು.

"ಇದಾಳೆ ಮೇಡಂ. ಉಸಿರಾಡ್ತಿದಾಳೆ. ಜೋರಾಗಿ ಉಸಿರೆಳೀತಿದಾಳೆ. ತಲೇಲಿ ರಕ್ತ ಒಣಗಿದೆ. ಏಯ್, ಆಂಬುಲೆನ್ಸ್ ಒಳಗೆ ತನ್ರೋ."

ಅಕ್ಕನಿಗೆ ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು. ದಫೇದಾರರು ಹೊರಗೆ ಹೋಗಿ ಕನ್ನಡಕ ಒರೆಸಿಕೊಂಡರು. ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಸುದ್ದಿ ಬಂತು: ಡ್ರಿಪ್ಪು ಹಾಕಿದ್ದಾರೆ, ಇನ್ಸುಲಿನ್ ಕೊಟ್ಟಿದ್ದಾರೆ, ಹುಡುಗಿ ಕಣ್ಣು ಬಿಟ್ಟು ಚೀಲ ಎಲ್ಲಿ ಎಂದು ಕೇಳಿದಳು.

ಜೋಳಿಗೆಯ ಹೇಳಿಕೆ ದಾಖಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಬಸ್ಸಿನಲ್ಲಿ ಓಡಾಡುತ್ತಲೇ ಇರಲಿಲ್ಲ. ಡೀಸೆಲ್ ವಾಸನೆಗೆ ವಾಂತಿಯಾಗುತ್ತದೆ, ಚಿಕ್ಕಂದಿನಿಂದಲೂ. ಊರಿಂದೂರಿಗೆ ಬಾಡಿಗೆ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಬಂದು, ನಿಲ್ದಾಣದ ಹಿಂದೆ ಇಳಿದು, ಚಪ್ಪಲಿಗೆ ಮಣ್ಣು ಉಜ್ಜಿಕೊಂಡು, ಬಸ್ಸಿನ ಮುಂದೆ ನಿಂತು ವಿಡಿಯೋ ಮಾಡಿ ಮತ್ತೆ ಕಾರು ಹತ್ತುತ್ತಿದ್ದ. ಅವತ್ತು ಮಣ್ಣು ಉಜ್ಜುವುದನ್ನು ಹುಡುಗಿ ಫೋನಿನಲ್ಲಿ ಹಿಡಿದಳು.

"ನಕ್ಕಳು ಮೇಡಂ. ಜೋಳಿಗೆ ಅಣ್ಣ, ಕಾರಲ್ಲಿ ಬಂದ್ರಾ ಅಂತ. ಆ ಕಡೆ ಬಾ ಹೇಳ್ತೀನಿ ಅಂತ ಕರ್ಕೊಂಡು ಹೋದೆ. ಫೋನ್ ಕಿತ್ಕೊಳ್ಳೋವಾಗ ಬಿದ್ಲು. ಏಳ್ಲಿಲ್ಲ. ಹೆದರಿಕೆಯಾಯ್ತು."

"ಹೆದರಿದವನು ವಿಡಿಯೋ ಮಾಡ್ತಾನಾ?"

ಅವನು ತಲೆ ತಗ್ಗಿಸಿದ. "ಅಪ್ಪ ದಿನಾ ಎಂಟು ಗಂಟೆಗೆ ವಿಡಿಯೋಗೆ ಕಾಯ್ತಿರ್ತಾರೆ," ಎಂದ. ಅಪ್ಪ ಬಸ್ ಡ್ರೈವರ್ ಆಗಿದ್ದವರು. ಅಪ್ಪನ ಬಸ್ಸಿನಲ್ಲೇ ವಾಂತಿ ಮಾಡಿಕೊಂಡು ಎಷ್ಟೋ ಸಲ ನಡುದಾರಿಯಲ್ಲಿ ಇಳಿದಿದ್ದ. ಡ್ರೈವರ್ ಮಗನಿಗೇ ಬಸ್ಸು ಆಗಲ್ವಂತೆ ಎಂದು ಡಿಪೋದವರು ನಗುತ್ತಿದ್ದರು. ಮೊದಲ ವಿಡಿಯೋ ನೋಡಿದ ದಿನ ಅಪ್ಪ ಫೋನ್ ಮಾಡಿ, ಪರವಾಗಿಲ್ಲ ಕಣೋ ಎಂದಿದ್ದರು. ಅವರ ಬಾಯಿಂದ ಅಂಥ ಮಾತು ಅದೇ ಮೊದಲು. "ನನಗೆ ಆಗಲ್ಲ ಅನ್ನೋದು ಅವರಿಗೆ ಮರೆತೇ ಹೋಗಿದೆ ಮೇಡಂ. ಮರೀಲಿ ಅಂತಾನೇ ಇಷ್ಟೆಲ್ಲ."

ಕಾಣೆಯಾದ ಪ್ರಕರಣಕ್ಕೆ ಅಕ್ರಮ ಬಂಧನದ ಕಲಮೂ ಗಾಯಪಡಿಸಿದ ಕಲಮೂ ಸೇರಿದವು. ಐದು ಗಂಟೆಗೆ ಅವನನ್ನು ಬಂಧಿಸಲಾಯಿತು. ಸ್ಥಳದ ಪಂಚನಾಮೆಗೆ ಅವನನ್ನು ಹೊಳೆಯಾಚೆಗೆ ಕರೆದೊಯ್ಯಬೇಕಿತ್ತು. ಅದಕ್ಕೆ ಮೊದಲು, ಬಂಧನದ ವಿಷಯವನ್ನು ನಿಯಮದಂತೆ ಮನೆಯವರಿಗೆ ತಿಳಿಸಬೇಕು. ಇನ್ಸ್‌ಪೆಕ್ಟರ್ ಅವನ ಫೋನಿನಿಂದಲೇ 'ಅಪ್ಪ' ಎಂದಿದ್ದ ನಂಬರಿಗೆ ಕರೆ ಮಾಡಿದರು.

ಅತ್ತಲಿಂದ ಹಲೋ ಕೂಡ ಬರಲಿಲ್ಲ, ನೇರ ಮಾತೇ ಬಂತು. "ನೋಡ್ದೆ ಕಣೋ ಇವತ್ತಿಂದು. ಚೀಲ ಹಾಕಿ ಕಿಟಕಿ ಸೀಟು ಹಿಡಿದಿದೀಯ. ನಾನು ಹೇಳ್ಕೊಟ್ಟಿದ್ದು ಅಂತ ಇಲ್ಲಿ ಎಲ್ರಿಗೂ ತೋರಿಸ್ದೆ."

ಇನ್ಸ್‌ಪೆಕ್ಟರ್ ಅವರ ಮಾತು ಮುಗಿಯುವವರೆಗೂ ಕಾದರು. ಆಮೇಲೆ ತಾವು ಯಾರೆಂದು ಹೇಳಿ, ನಡೆದುದನ್ನು ಒಂದೊಂದಾಗಿ ತಿಳಿಸಿದರು. ಹುಡುಗಿ ಬದುಕಿದ್ದಾಳೆಯೇ ಎಂದು ಮುದುಕ ಎರಡು ಸಲ ಕೇಳಿದರು. ಮಗನ ಬಗ್ಗೆ ಏನೂ ಕೇಳಲಿಲ್ಲ. ಫೋನ್ ಇಡುವ ಹೊತ್ತಿಗೆ ಮತ್ತೆ ದನಿ ಬಂತು.

"ಮೇಡಂ, ಜೀಪಲ್ಲಿ ಕರ್ಕೊಂಡು ಹೋಗ್ತೀರಾ?"

"ಹೌದು."

"ಅವನನ್ನ ಕಿಟಕಿ ಪಕ್ಕ ಕೂರಿಸಿ. ಒಂದು ಪ್ಲಾಸ್ಟಿಕ್ ಕವರ್ ಕೈಗೆ ಕೊಟ್ಟಿರಿ. ಅವನಿಗೆ ಆಗಲ್ಲ, ಪಾಪ."

ಜೋಳಿಗೆ ಎದುರಿಗೇ ಕುಳಿತಿದ್ದ. ಸ್ಪೀಕರ್ ಹಾಕಿಯೇ ಇತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರ್ ದಫೇದಾರರನ್ನು ಕರೆದು, ಆರೋಪಿಗೆ ಕಿಟಕಿ ಪಕ್ಕದ ಸೀಟು ಬಿಡಿ ಎಂದು ಹೇಳಿ ಜೀಪು ತರಿಸಿದರು.