ಕೊನೆಯ ಬೆಂಚಿಗೆ ಕೇಳುವಷ್ಟು

ಇಬ್ಬರು ತಮ್ಮೊಳಗೇ ಇಟ್ಟುಕೊಂಡ ಮಾತನ್ನು ಮೂರನೆಯವರು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಎಲ್ಲಿ ತಪ್ಪಿ ಹೇಳಿಬಿಡುತ್ತೇನೋ ಎಂಬ ಅಳುಕೂ ಇದೆ. ಆದರೂ ಸುಮ್ಮನಿರಲಾಗುತ್ತಿಲ್ಲ, ಮನ್ನಿಸಬೇಕು.

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಅಧ್ಯಾಪಕರು ನೆಲೆ ನಿಲ್ಲುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಯಾವ ಕೊಠಡಿಯ ಪ್ರೊಜೆಕ್ಟರ್ ಕೈಕೊಡುತ್ತದೆ, ರಜೆ ಯಾರನ್ನು ಕೇಳಬೇಕು, ತಲೆಹರಟೆ ಮಾಡುವವರನ್ನು ಹೇಗೆ ಸಂಭಾಳಿಸಬೇಕು, ಎಲ್ಲ ಅವಳೇ ಹೇಳಿಕೊಡಬೇಕು. ಮೊದಲ ಟರ್ಮಿನಲ್ಲಿ ಅವರ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಪಾಠ ಕೇಳುವುದೂ ಅದರಲ್ಲೇ ಸೇರಿತ್ತು.

ಆ ವರ್ಷ ಭೂವಿಜ್ಞಾನ ವಿಭಾಗಕ್ಕೆ ಬಂದವನು ಜೇಬಿನಿಂದ ಒಂದು ಕಲ್ಲು ತೆಗೆದು, ಪಾಠವನ್ನೆಲ್ಲ ಆ ಕಲ್ಲಿಗೇ ಹೇಳುತ್ತಿದ್ದ. ವಿದ್ಯಾರ್ಥಿಗಳು 'ಕಲ್ಲು ಮೇಷ್ಟ್ರು' ಎಂದು ಹೆಸರಿಡಲು ತಡವಾಗಲಿಲ್ಲ. ಅವಳು ಹೋಗಿ ಕೂತ ಮೊದಲ ದಿನ ಅವನು ಹೇಗೋ ತಲೆ ಎತ್ತಿದ.

"ಕೊನೆ ಬೆಂಚಿನವರೇ, ನೀವ್ಯಾಕೆ ಬರ್ಕೊಳ್ತಿಲ್ಲ?"

"ಕೇಳ್ಸಿದ್ರೆ ತಾನೆ ಸರ್ ಬರ್ಕೊಳ್ಳೋದು!"

ತರಗತಿ ಗೊಳ್ಳೆಂದು ನಕ್ಕಿತು. ಪಾಠ ಮುಗಿದ ಮೇಲೆ ಅವಳು ಯಾರೆಂದು ತಿಳಿದಾಗ ಅವನ ಮುಖ ನೋಡುವಂತಿತ್ತು.

"ತಪ್ಪಾಯ್ತು ಮೇಡಂ. ನಾನು ನಿಮ್ಮನ್ನ ಸ್ಟೂಡೆಂಟ್ ಅಂದ್ಕೊಂಡು..."

"ಬೇಜಾರೇನಿಲ್ಲ. ಬೇಕಾದ್ರೆ ಇನ್ನೊಂದ್ಸಲ ಅಂದ್ಕೊಳ್ಳಿ," ಎಂದು ಅವಳು ನಕ್ಕಳು.

ಇಬ್ಬರೂ ಒಂದು ಗುಟ್ಟಿನ ಸನ್ನೆ ಗೊತ್ತುಮಾಡಿಕೊಂಡರು. ದನಿ ತಗ್ಗಿದಾಗ ಅವಳು ಕಿವಿಯೋಲೆ ಮುಟ್ಟಿಕೊಳ್ಳಬೇಕು, ಅವನು ದನಿ ಏರಿಸಬೇಕು. ಯಾರಿಗೂ ತಿಳಿಯುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ.

ಸನ್ನೆ ಫಲಿಸಿತು. ಅವನು ಕಲ್ಲನ್ನು ಬಿಟ್ಟು ಮುಖಗಳನ್ನು ನೋಡತೊಡಗಿದ. 'ಚೆನ್ನಾಗಿ ಕಲಿತಿದ್ದಾರೆ' ಎಂದು ಅವಳು ವಿಭಾಗದ ಮುಖ್ಯಸ್ಥರಿಗೆ ಹೇಳಿಯೂ ಬಂದಳು. ಆದರೆ ಆಮೇಲೆ ಅದೇನಾಯಿತೋ, ಅವನ ದನಿ ಮತ್ತೆ ಮತ್ತೆ ಕುಸಿಯಿತು. ಅವಳ ಬೆರಳು ಓಲೆಗೆ ಹೋಗುತ್ತಿತ್ತು. ಅವನ ಕಣ್ಣು ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ದನಿ ಏರುತ್ತಿತ್ತು. ಆ ಒಂದು ಗಳಿಗೆ ಅವಳಿಗೂ ಹಿತವಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಮನೆಯಲ್ಲಿ ಅಕ್ಕನಿಗೆ ಅನುಮಾನ ಬಂತು.

"ಏನೇ ಇದು, ಈಚೆಗೆ ನಿನ್ನ ಬಾಯಲ್ಲಿ ಬರೀ ಕಲ್ಲು, ಮಣ್ಣು?"

"ಕೆಲ್ಸದ ಮಾತು ಕಣಕ್ಕಾ."

"ಆಹಾ, ಕೆಲ್ಸ! ನೋಡು, ಹೊಸ ಜಾಗದಲ್ಲಿ ದಾರಿ ತೋರಿಸಿದವರು ಯಾರಿಗಾದ್ರೂ ಚೆಂದ ಕಾಣ್ತಾರೆ. ದಾರಿ ಗೊತ್ತಾದ ಮೇಲೆ?"

ಮೊದಲ ಟರ್ಮಿನಲ್ಲಿ ಮಾತುಮಾತಿಗೂ ಅವಳನ್ನು ಹುಡುಕುತ್ತಿದ್ದವರು ಮರುವರ್ಷ ಕಾರಿಡಾರಿನಲ್ಲಿ ತಲೆ ಆಡಿಸಿ ಹೋಗುವುದು ಅವಳಿಗೆ ಹೊಸದಲ್ಲ.

ಒಂದು ಶುಕ್ರವಾರ ಮುಖ್ಯಸ್ಥರು ಕರೆಸಿದರು.

"ಅವರ ಕ್ಲಾಸ್ ಬಾಗಿಲಲ್ಲಿ ನಿಂತಿದ್ದೆ ಕಣಮ್ಮಾ. ಒಂದು ಮಾತೂ ಕೇಳಿಸಲಿಲ್ಲ. ನೀನು ನೋಡಿದ್ರೆ ಹೊಗಳಿದ್ದೆ. ಸೋಮವಾರ ನಾನೇ ಬಂದು ಕೂರ್ತೀನಿ. ಇರಿಸ್ಕೊಳ್ಳೋದೋ ಕಳಿಸೋದೋ, ಅವತ್ತೇ ತೀರ್ಮಾನ."

ಅವಳು ಗಾಬರಿಯಿಂದ ಲ್ಯಾಬಿಗೆ ಓಡಿದಳು. ಹುಡುಗರಿಗೆ ಏನೋ ವಿವರಿಸುತ್ತಿದ್ದ ಅವನ ದನಿ ಬಾಗಿಲಿನಾಚೆಗೂ ಗಣಗಣ ಕೇಳುತ್ತಿತ್ತು. ಅವಳ ಹೆಜ್ಜೆ ಅಲ್ಲೇ ನಿಂತಿತು. ಅವನನ್ನು ಹೊರಗೆ ಕರೆದಳು.

"ಇಲ್ಲಿ ಸೂರು ಹಾರಿಹೋಗೋ ಹಾಗೆ ಮಾತಾಡ್ತೀರಿ. ಕ್ಲಾಸಲ್ಲಿ ಏನಾಗತ್ತೆ ನಿಮ್ಗೆ?"

ಅವನು ನೆಲ ನೋಡಿದ. "ಜೋರಾಗಿ ಮಾತಾಡಿದ್ರೆ ನೀವು ತಲೆ ತಗ್ಗಿಸಿ ಏನೋ ಗೀಚ್ತಾ ಕೂರ್ತೀರಿ. ದನಿ ಇಳಿಸಿದ್ರೆ... ನನ್ನ ನೋಡ್ತೀರಿ."

ಅವಳ ಎದೆ ಒಮ್ಮೆ ಹಗುರಾಗಿ, ಮರುಕ್ಷಣವೇ ಸಿಟ್ಟು ಉಕ್ಕಿತು.

"ಅದಕ್ಕೆ ಕೆಲ್ಸ ಕಳ್ಕೊಳ್ತೀರಾ? ನಿಮ್ಮ ಪರವಾಗಿ ಮಾತಾಡ್ದೋಳು ನಾನು. ನನ್ನ ಮಾತಿಗೆ ಇನ್ಯಾರು ಬೆಲೆ ಕೊಡ್ತಾರೆ?" ಕಣ್ಣು ತುಂಬಿದ್ದನ್ನು ಅವನಿಗೆ ಕಾಣಿಸದೆ ಮುಖ ತಿರುಗಿಸಿದಳು. "ಸೋಮವಾರ ನಾನು ಬರಲ್ಲ. ಮಕ್ಕಳಿಗೆ ಪಾಠ ಮಾಡಿ, ನನಗಲ್ಲ."

ಸೋಮವಾರ ಅವಳ ಕಾಫಿ ಲೋಟದಲ್ಲೇ ಆರಿತು. ಕೊನೆಗೆ ಮುಖ್ಯಸ್ಥರು ಅವಳ ಕೋಣೆಯ ಬಾಗಿಲಲ್ಲಿ ಇಣುಕಿದರು.

"ಕಲ್ಲಲ್ಲಿ ಇಷ್ಟೊಂದು ಕಥೆ ಇರತ್ತೆ ಅಂತ ಇವತ್ತೇ ಗೊತ್ತಾಗಿದ್ದು! ಅವರನ್ನ ಇರಿಸ್ಕೊಂಡ್ವಿ. ಇನ್ನು ನೀನು ಅವರ ಕ್ಲಾಸಿಗೆ ಹೋಗೋದೇನೂ ಬೇಡ."

ಅವಳು ಸಂತೋಷಪಟ್ಟಳು. ಆ ಸಂತೋಷ ಇಷ್ಟು ನೋಯುತ್ತದೆಂದು ಎಣಿಸಿರಲಿಲ್ಲ.

ಅವನು ಬರಲಿಲ್ಲ. ಫೋನೂ ಇಲ್ಲ. ಟರ್ಮ್ ಮುಗಿಯಿತು. ಬೇರೆ ವಿಭಾಗಕ್ಕೆ ಹೊಸಬರು ಬಂದರು, ಅವಳು ಬೇರೆ ಬೆಂಚುಗಳಲ್ಲಿ ಕೂತಳು. ಅಕ್ಕ ಏನೂ ಕೇಳದೆ ಅವಳ ತಟ್ಟೆಗೆ ಇನ್ನೊಂದು ತುತ್ತು ಹೆಚ್ಚಾಗಿಯೇ ಬಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಅವನು ನಿಂತಿದ್ದ.

"ಏನ್ ತೊಂದ್ರೆ?" ಎಂದಳು, ಎಲ್ಲರನ್ನೂ ಕೇಳುವಂತೆ.

"ಏನೂ ಇಲ್ಲ. ಪ್ರೊಜೆಕ್ಟರ್ ನೆಟ್ಟಗಿದೆ. ಹುಡುಗ್ರು ನೆಟ್ಟಗಿದ್ದಾರೆ. ಮುಖ್ಯಸ್ಥರು ಕಂಡ್ರೆ ನಗ್ತಾರೆ ಕೂಡ."

"ಮತ್ತೆ ಯಾಕೆ ಬಂದ್ರಿ?"

"ಏನೂ ತೊಂದ್ರೆ ಇಲ್ದಿದ್ರೂ ಬರಬಹುದಾ ಅಂತ ಕೇಳೋಕೆ."

ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿದಳು, ಮತ್ತೆ ತೆಗೆದಳು. "ಉಪಕಾರ ತೀರಿಸೋಕಾದ್ರೆ ಒಂದು ಥ್ಯಾಂಕ್ಸ್ ಸಾಕು."

"ಥ್ಯಾಂಕ್ಸ್ ಹೇಳೋಕೆ ಯಾರಾದ್ರೂ ಇಷ್ಟು ದಿನ ಕಾಯ್ತಾರಾ?" ಅವನು ಒಂದು ಹೆಜ್ಜೆ ಒಳಗಿಟ್ಟ. "ನಿಮ್ಮ ಸಹಾಯ ಇಲ್ದೆ ಕೆಲ್ಸ ನಡೆಯತ್ತಾ ಅಂತ ನೋಡೋಣ ಅಂತಲೇ ದೂರ ಇದ್ದೆ. ನಡೀತು. ಆದ್ರೂ ದಿನಾ ನೀವು ಬೇಕು ಅನ್ನಿಸ್ತು. ನಿಮ್ಮನ್ನ ಕಂಡ್ರೆ ನನಗೆ ಇಷ್ಟ, ಅಷ್ಟೇ."

ಬಂದವರು ಕೂರುವ ಕುರ್ಚಿ ಮೇಜಿನ ಆಚೆ ಬದಿಗಿತ್ತು. ಅವಳು ಎದ್ದು ಅದನ್ನು ಎಳೆದು ತಂದು ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು.

"ಕೂತ್ಕೊಳ್ಳಿ. ಅಲ್ಲೇ ನಿಂತಿದ್ರೆ ನೋಡಿದವರು ನಿಮ್ಮನ್ನ ಹೊಸಬರು ಅಂದ್ಕೊಂಡಾರು."

'ದಾರಿ ಗೊತ್ತಾದ ಮೇಲೆ?' ಎಂದು ಅಕ್ಕ ಕೇಳಿದ್ದು ತಪ್ಪಲ್ಲ. ಇದು ಒಲವೋ, ಕಷ್ಟದಲ್ಲಿ ಕೈಹಿಡಿದವಳ ಮೇಲಿನ ಅಕ್ಕರೆಯೋ, ಎಷ್ಟು ಕಾಲ ನಿಲ್ಲುವುದೋ, ಅವಳಿಗೂ ಅಂದು ತಿಳಿದಿರಲಿಲ್ಲ. ನನಗಂತೂ ಈಗಲೂ ತಿಳಿಯದು.