ನಾಲ್ಕು ಮೂಲೆ, ಎಂಟು ಕಲೆ

"ನೋಡ್ರೀ, ನೋಡಿ! ಇದು ನೆಲಾನಾ?"

ಶ್ರೀನಿವಾಸಮೂರ್ತಿಯ ಕೂಗಿಗೆ ಖಾಲಿ ಹಾಲ್ ಗುಂಯ್‌ಗುಟ್ಟಿತು. ಕೊಲ್ಲಿದೇಶದ ಅಲ್ ರೀಮ್ ಐಲ್ಯಾಂಡಿನ ಕಟ್ಟಡವೊಂದರ ಹದಿನೆಂಟನೇ ಮಹಡಿಯಲ್ಲಿ ಆಸಾಮಿ ಕೊಂಡ ಹೊಸ ಫ್ಲ್ಯಾಟ್. ಮೊನ್ನೆಯಷ್ಟೇ ಹಾಸಿದ ಬಿಳಿ ಅಮೃತಶಿಲೆಯ ಮೇಲೆ ಅಲ್ಲಲ್ಲಿ ಹೊಳಪು ಸತ್ತು ಸುಟ್ಟಂಥ ಕಲೆಗಳು.

"ಆ್ಯಸಿಡ್ ಸುರಿದಿದಾನೆ ಕಣ್ರೀ ಈ ಮನುಷ್ಯ! ಇವನ ಮ್ಯಾನೇಜರ್ ನಂದನ್‌ಗೆ ಹೇಳಿದೀನಿ. ಇವತ್ತೇ ವೀಸಾ ಕ್ಯಾನ್ಸಲ್. ಖಲಾಸ್!"

ಈ ಮನುಷ್ಯ ಎಂದರೆ ಕೊರಗಪ್ಪ. ಹದಿನಾರು ವರ್ಷದಿಂದ ಇಲ್ಲಿನ ಮನೆಗಳಿಗೆ ಕಲ್ಲು ಹಾಸುತ್ತಿರುವ ಕಾರ್ಕಳದ ಮೇಸ್ತ್ರಿ. ಗೋಡೆಗಂಟಿ ನಿಂತಿದ್ದ.

ಕಟ್ಟಡದ ಉಸ್ತುವಾರಿ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಯಶ್ಮಿತಾಳಿಗೆ ಮೈಯೆಲ್ಲ ಉರಿಯಿತು. ಛೀ, ತಪ್ಪು ಯಾರದೆಂದು ನೋಡುವ ಮೊದಲೇ ಒಬ್ಬನ ಅನ್ನ ಕಿತ್ತುಕೊಳ್ಳುವುದೇ?

"ಕೊರಗಪ್ಪಣ್ಣ, ನೀವು ಕೆಲ್ಸ ಮುಗಿಸಿದ್ದು ಯಾವಾಗ?"

"ಗುರುವಾರ ಸಂಜೆ ಅಕ್ಕ. ಆಗ ಒಂದು ಚುಕ್ಕೆ ಇರ್ಲಿಲ್ಲ. ಕೀ ಇವ್ರ ಕೈಗೇ ಕೊಟ್ಟದ್ದು."

"ನಿನ್ನೆ ಯಾರು ಬಂದಿದ್ರು ಸರ್?"

"ಯಾರೂ ಇಲ್ಲ. ನಾನು ಬಂದಿದ್ದೇ ಈಗ," ಎಂದ ಮೂರ್ತಿ.

*

ಮೂರ್ತಿ ಬಚ್ಚಲಿಗೆ ನುಗ್ಗಿ ಆ್ಯಸಿಡ್ ಬಾಟಲಿಯೊಂದನ್ನು ಹಿಡಿದು ತಂದ. "ಇಗೋ ಸಾಕ್ಷಿ!"

"ಅಯ್ಯೋ, ಅದು ಪ್ಲಂಬರಿಂದು ಮಾರಾಯ್ರೆ!" ಕೊರಗಪ್ಪನ ಮುಖ ಬಿಳಿಚಿತು.

ಯಶ್ಮಿತಾ ಬಾಟಲಿ ತಿರುಗಿಸಿ ನೋಡಿದಳು. "ಮುಚ್ಚಳದ ಸೀಲ್ ಒಡೆದೇ ಇಲ್ಲ ಸರ್."

"ಹಾಗಾದ್ರೆ ಇನ್ನೊಂದು ಬಾಟ್ಲಿ ಇತ್ತು!"

ಅವಳು ಮಂಡಿಯೂರಿ ಕಲೆಗಳನ್ನು ಎಣಿಸಿದಳು. ಎಂಟು. ಮೂಲೆಗೆ ಎರಡೆರಡು. ಒಂದು ಮೂಲೆಯ ಸಂದಿಯನ್ನು ಪಿನ್ನಿನಿಂದ ಕೆರೆದಳು. ಕೆಂಪು ಪುಡಿ ಬಂತು. ಬಾಗಿಲ ಹಿಂದೆ ಒಂದು ಬೀಜ ಸಿಕ್ಕಿತು. ಮೂಸಿ ನೋಡಿ ಎದ್ದು ನಿಂತಳು.

*

"ಸಿಮೆಂಟ್ ತೊಳೀಲಿಕ್ಕೆ ಆ್ಯಸಿಡ್ ಹಾಕಿದ್ರೆ ಸಂದಿಯುದ್ದಕ್ಕೂ ಸುಡ್ಬೇಕಿತ್ತು. ಇಲ್ಲಿ ಸುಟ್ಟದ್ದು ನಾಲ್ಕು ಮೂಲೆ ಮಾತ್ರ. ಸಂದಿಯಲ್ಲಿ ಕುಂಕುಮ. ಬಾಗಿಲ ಹಿಂದೆ ನಿಂಬೆಬೀಜ. ನಿಂಬೆಹುಳಿ ಬಿದ್ರೆ ಅಮೃತಶಿಲೆ ಸುಡ್ತದೆ ಸರ್. ನಿಂಬೆ ಹೆಚ್ಚಿ, ಕುಂಕುಮ ಹಚ್ಚಿ, ಮೂಲೆಗೆರಡು ಹೋಳು ಇಟ್ಟು ದೃಷ್ಟಿ ತೆಗೆದದ್ದು ಯಾರು? ಕೀ ಇದ್ದದ್ದು ನಿಮ್ಮ ಹತ್ರ!"

ಮೂರ್ತಿ ಕೊನೆಗೆ ಒಪ್ಪಿಕೊಂಡ.

"ನಿನ್ನೆ ನೆಂಟರೆಲ್ಲ ನೆಲ ನೋಡಿ ಬಾಯ್ಬಿಟ್ರು. ಕಣ್ಣು ಬೀಳತ್ತೆ ಅಂತ ಇಟ್ಟೆ. ಬೆಳಿಗ್ಗೆ ಬಂದು ತೆಗೆದು ಒರೆಸಿದೆ, ಕಲೆ ಹೋಗ್ಲಿಲ್ಲ."

"ಗೊತ್ತಿದ್ದೂ ಇವ್ರ ತಲೆಗೆ ಕಟ್ಟಿದ್ರಾ?"

"ಕಂಪನಿಯವರು ಹೊಸ ಕಲ್ಲು ಹಾಕ್ಕೊಡ್ಲಿ ಅಂತ..."

"ಥೂ! ನಿಮ್ಮ ನಾಲ್ಕು ಕಲ್ಲಿಗೋಸ್ಕರ ಒಂದು ಸಂಸಾರ ಬೀದಿಗೆ ಬೀಳ್ಬೇಕಾ? ನಾಚಿಕೆ ಆಗೋದಿಲ್ವಾ? ಫೋನ್ ತೆಗೀರಿ. ನಂದನ್‌ಗೆ ನೀವೇ ಹೇಳಿ. ಸ್ಪೀಕರ್ ಹಾಕಿ. ಯಲ್ಲಾ, ಬೇಗ!"

ಮೂರ್ತಿ ತೊದಲುತ್ತ ಎಲ್ಲ ಹೇಳಿದ. ನಂದನ್ ಬೈದ ಬೈಗುಳ ಹಾಲ್ ತುಂಬ ಕೇಳಿಸಿತು. ಕೊರಗಪ್ಪನ ಕೆಲಸ ಉಳಿಯಿತು.

"ಕೊರಗಪ್ಪ, ನಿಮಗೆ ಇದನ್ನ ಸರಿ ಮಾಡೋಕಾಗತ್ತಾ?" ಮೂರ್ತಿ ಮೊದಲ ಸಲ ಬಹುವಚನ ಹಿಡಿದಿದ್ದ.

"ಬೆಳಿಗ್ಗೆ ಒಂದು ಮಾತು ಕೇಳಿದ್ರೆ ಅರ್ಧ ದಿನದಲ್ಲಿ ಪಾಲಿಶ್ ಹೊಡ್ದು ಕೊಡ್ತಿದ್ದೆ ಸರ್," ಎಂದ ಕೊರಗಪ್ಪ. "ಇನ್ನು ಬೇರೆಯವ್ರನ್ನ ಕರ್ಸಿ."

ಕರಣೆಯ ಚೀಲ ಹೆಗಲಿಗೇರಿಸಿ ಲಿಫ್ಟಿನತ್ತ ನಡೆದ.